ಎದುರುಮನೆಯ ಜೀವ

ಮಾಗಿಯ ಮಂಜು ಉಲ್ಲಾಳದ ಕೆರೆಯಿಂದ ಎದ್ದು ಬಂದು ಬೀದಿಯ ನಡುವೆ ನಿಂತುಬಿಟ್ಟಿತ್ತು. ಎದುರುಮನೆಯ ಗೇಟು ಕಾಣುತ್ತಿರಲಿಲ್ಲ. ಅದರ ಮೇಲಿನ ದೀಪವೊಂದು ಹಾಲಿನಲ್ಲಿ ಬಿದ್ದ ಕೇಸರಿಯ ಎಸಳಿನ ಹಾಗೆ ಸುತ್ತ ಬಣ್ಣ ಬಿಡುತ್ತಿತ್ತು. ಅಂಥ ಹೊತ್ತಿನಲ್ಲಿ ಶಿವಕ್ಕ ಅಡುಗೆಮನೆಯ ನೆಲದ ಮೇಲೆ ಕೂತು, ಎಡಗೈಯಲ್ಲಿ ನಾಯಿಯ ದವಡೆ ಹಿಡಿದು, ಬಲಗೈಯ ಬೆರಳಿನಿಂದ ಅರ್ಧ ಮಾತ್ರೆಯನ್ನು ಅದರ ನಾಲಿಗೆಯ ಬುಡಕ್ಕೆ ಸರಿಸುತ್ತಿದ್ದಳು.

ನಡುಮನೆಯಲ್ಲಿ ಅವಳ ಗಂಡ ಸೋಮಲಿಂಗಪ್ಪ ಗೋಡೆಗೆ ಒರಗಿ ಕೂತಿದ್ದ. ನಿನ್ನೆ ಸಂಜೆ ಎದೆನೋವಿನಿಂದ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ಮನೆಗೆ ತಂದ ಮೇಲೆ ಮೀಯಿಸಿ, ಹಣೆ ತೋಳು ಎದೆಗೆಲ್ಲ ವಿಭೂತಿ ಬಳಿದು, ಅವರ ಪದ್ಧತಿಯಂತೆ ಮಣೆಯ ಮೇಲೆ ಪದ್ಮಾಸನ ಹಾಕಿಸಿ ಕೂರಿಸಿದ್ದರು. ದಿನವೂ ಟಿ.ವಿ. ನೋಡಲು ಕೂರುತ್ತಿದ್ದ ಜಾಗವೇ ಅದು. ಕೊರಳಲ್ಲಿ ಎಂದೂ ಇಲ್ಲದ ಹಾರ ಇತ್ತು, ಕೈಯಲ್ಲಿ ಇರುತ್ತಿದ್ದ ರಿಮೋಟು ಇರಲಿಲ್ಲ, ಅಷ್ಟೇ ವ್ಯತ್ಯಾಸ.

"ಗಂಡನ್ನ ಹಂಗ ಕುಂದರಿಸಿಟ್ಟು ನಾಯಿಗೆ ಔಷಧ ಹಾಕಾಕ ಕುಂತಿಯಲ್ಲವಾ ಶಿವಕ್ಕ," ಎಂದರು ರಾಣೆಬೆನ್ನೂರಿನಿಂದ ರಾತ್ರಿಯ ಬಸ್ಸಿನಲ್ಲಿ ಬಂದಿದ್ದ ಭಾವ ರೇವಣಸಿದ್ದಪ್ಪ. ಬೈದದ್ದಲ್ಲ. ಬೆಳಗಿನ ಚಹಾ ಎಲ್ಲಿ ಸಿಗುತ್ತದೆಂದು ನೋಡಲು ಒಳಗೆ ಬಂದಿದ್ದರು.

"ಹೊತ್ತು ತಪ್ಪಿಸಬಾರದ್ರಿ ಭಾವಾರ. ಎದಿ ದೊಡ್ಡದಾಗೈತಿ ಇದಕ್ಕ. ತಪ್ಪಿದ್ರ ಕೆಮ್ಮಾಕ ಸುರು ಮಾಡ್ತೈತಿ."

"ನಾಯಿಗೂ ಅದ ಬ್ಯಾನಿನ? ಈ ಊರಾಗ ಎಲ್ಲಾರಿಗೂ ಒಂದ ಬ್ಯಾನಿ ನೋಡು," ಎಂದು ಮುದುಕರು ಬಗ್ಗಿ ನಾಯಿಯನ್ನು ನೋಡಿದರು. ನಾಯಿಯೂ ಅವರನ್ನು ನೋಡಿತು. ಬೊಗಳಲಿಲ್ಲ.

ಕಡ್ಲೆ ಅಂಥ ದೊಡ್ಡ ನಾಯಿಯೇನಲ್ಲ. ತರಕಾರಿ ತರುವ ಕೈಚೀಲದಲ್ಲಿ ಹಿಡಿಸುವಷ್ಟು. ತಾಯಿ ಯಾರದೋ ಮನೆಯ ಪೊಮೇರಿಯನ್, ತಂದೆ ಬೀದಿಯವನು ಎಂದು ಹೇಳುತ್ತಿದ್ದರು. ನೋಡಿದರೆ ಇನ್ನೂ ನಾಲ್ಕಾರು ಮನೆತನದವರು ಕೈಜೋಡಿಸಿದಂತಿತ್ತು. ಶಿವಕ್ಕನ ತವರಿನ ಕಡೆ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಶಿವ ಹಾಗೆ ಮಿಕ್ಕ ತುಂಡುಗಳನ್ನು ಕೂಡಿಸಿ ಹೊಲಿದ ಪ್ರಾಣಿ ಅದು. ಮೈ ಹುರಿಗಡಲೆಯ ಬಣ್ಣ. ಎದೆ ಬಿಳುಪು. ಒಂದು ಕಿವಿ ನಿಮಿರಿ ನಿಂತರೆ ಇನ್ನೊಂದು ಮಡಿಚಿ ಬಿದ್ದಿರುತ್ತಿತ್ತು. ಬಾಲ ಮಾತ್ರ ಶ್ರೀಮಂತರ ಮನೆಯದು, ಬೀಸಣಿಗೆಯ ಹಾಗೆ ಬೆನ್ನ ಮೇಲೆ ಬಿಚ್ಚಿಕೊಂಡಿರುತ್ತಿತ್ತು. ಕೆಳದವಡೆಯ ಹಲ್ಲೊಂದು ಮುಚ್ಚಿದ ಬಾಯಿಂದಲೂ ಹೊರಗೆ ಇಣುಕುತ್ತಿದ್ದುದರಿಂದ, ಏನೋ ಹೇಳಹೊರಟು ತಡೆದುಕೊಂಡವರ ಮುಖ ಅದಕ್ಕೆ.

ಸ್ವಭಾವವೂ ವಿಚಿತ್ರ. ಒಳಗೆ ಬರುವವರಿಗೆ ಅದು ಬೊಗಳುವುದಿಲ್ಲ. ಕಳ್ಳ ಬಂದರೂ ಬಾಲ ಆಡಿಸೀತು. ಆದರೆ ಮನೆಯಿಂದ ಯಾರಾದರೂ ಹೊರಡಬೇಕು, ಆಗ ನೋಡಬೇಕು ಅದರ ಗಲಾಟೆ. ಪಂಚೆಯ ಅಂಚು, ಸೀರೆಯ ನಿರಿಗೆ, ಪ್ಯಾಂಟಿನ ಕಾಲು, ಸಿಕ್ಕಿದ್ದನ್ನು ಹಿಡಿದು ಎಳೆದು, ಬೀದಿಗೆಲ್ಲ ಕೇಳುವಂತೆ ಕೂಗಿ, ಗೇಟಿನವರೆಗೂ ಹೋಗಿ ಜಗಳವಾಡಿ ಕಳಿಸುತ್ತಿತ್ತು. ಸೋಮಲಿಂಗಪ್ಪ ಕೆಂಗೇರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಸೀಟಿ ಊದಿ, ಕೂಗಿ, ಬೈದು ಬಸ್ಸುಗಳನ್ನು ಹೊರಡಿಸುವುದೇ ಅವನ ಆಯುಷ್ಯದ ಕೆಲಸವಾಗಿತ್ತು. "ನಂದೂ ಇದರದ್ದೂ ಒಂದ ಡಿಪಾರ್ಟ್‌ಮೆಂಟ್," ಎನ್ನುತ್ತಿದ್ದ ನಗುತ್ತ.

ಅದಕ್ಕೇ ಮಗ ಚನ್ನವೀರೇಶ್‌ಗೆ ಚಿಂತೆ ಹತ್ತಿತ್ತು. ಅವನೂ ಅವನ ಹೆಂಡತಿ ಅನಘಾಳೂ ಅದೇ ಮನೆಯ ಮೇಲಂತಸ್ತಿನಲ್ಲಿದ್ದರು.

"ಅವ್ವ, ಕಡ್ಲೇನ ಮೇಲೆ ರೂಮಲ್ಲಿ ಹಾಕಿ ಲಾಕ್ ಮಾಡ್ಲಾ? ಎತ್ತೋ ಟೈಮಲ್ಲಿ ಅಪ್ಪನ ಪಂಚೆ ಹಿಡ್ಕೊಂಡ್ರೆ ಚೆನ್ನಾಗಿರಲ್ಲ."

"ಇರ್ಲಿ ಬಿಡಪ್ಪಾ. ಕೊನೀದಾಗಿ ಒಂದಿಷ್ಟು ಜಗಳಾಡಲಿ."

ಅನಘಾ ಚಹಾ ಕೊಡುತ್ತಿದ್ದವಳು ಮುಖ ತಿರುಗಿಸಿಕೊಂಡಳು.

ಮಾತ್ರೆ ನುಂಗಿದ ಕಡ್ಲೆ ನಡುಮನೆಗೆ ಹೋಗಿ, ಸೋಮಲಿಂಗಪ್ಪನ ಮಡಿಲಿನ ಪಕ್ಕ, ಎಂದಿನಂತೆ, ಮಲಗಿತು. ಕೂತಿದ್ದಾನಲ್ಲ, ಮತ್ತೇನು? ಸ್ವಲ್ಪ ಹೊತ್ತಿಗೊಮ್ಮೆ ತಲೆ ಎತ್ತಿ ಅವನ ಬಲಗೈಯನ್ನು ನೋಡುತ್ತಿತ್ತು. ಇಷ್ಟು ಹೊತ್ತಿಗೆ ಆ ಕೈ ಇಳಿದು ಬಂದು ಮಡಿಚಿದ ಕಿವಿಯನ್ನು ತಿಕ್ಕಬೇಕಾಗಿತ್ತು.

ಮಂಜು ಕರಗುತ್ತ ಬಂದಂತೆ ಜನ ಸೇರಿದರು. ಹಳೆಯ ಡ್ರೈವರ್ ಚಿಕ್ಕಹನುಮಯ್ಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ದೊಡ್ಡ ದನಿಯಲ್ಲಿ ಅತ್ತು, ಆಮೇಲೆ ಅಷ್ಟೇ ದೊಡ್ಡ ದನಿಯಲ್ಲಿ ಮಾತು ತೆಗೆದ.

"ಅಮ್ಮಾ, ಎಂಥಾ ಮನುಷ್ಯ! ಸ್ಟ್ಯಾಂಡಲ್ಲಿ ಇವ್ರು ಸೀಟಿ ಊದುದ್ರೆ ಅಡ್ಡ ಮಲಗಿರೋ ಎಮ್ಮೇನೂ ಎದ್ದು ದಾರಿ ಬಿಡೋದು. ಒಂದ್ಸಲ ನಾನು ಟೀ ಕುಡೀತಾ ನಿಂತಿದ್ದೆ. 'ಹನುಮಯ್ಯ, ಬಸ್ಸು ನೀನು ತಗೊಂಡ್ ಹೋಗ್ತೀಯೋ, ಎಮ್ಮೆ ಕೈಲಿ ಕಳಿಸ್ಲೋ' ಅಂದ್ರು!"

ಸಾವಿನ ಮನೆಯಲ್ಲಿ ಸಣ್ಣಗೆ ನಗು ಎದ್ದು ಅಡಗಿತು. ರೇವಣಸಿದ್ದಪ್ಪ ಲೋಟ ಕೆಳಗಿಟ್ಟು, ತಮ್ಮನ ಮಗನನ್ನು ಕರೆದು ಹೇಳಿದರು: "ಚನ್ನಪ್ಪ, ಎತ್ತೂ ಮುಂದ ಒಂದ ಮಾತು ಕೇಳೂದೈತಿ. ನಮ್ಮೂರಾಗ ಕೇಳದ ಎತ್ತಂಗಿಲ್ಲ. ಸತ್ತವರ ಕಡಿಂದ ಯಾರಿಗೆ ಏನು ಬರೂದೈತಿ ಅಂತ ಮಂದಿ ಮುಂದ ಕೇಳಬೇಕು. ಇದ್ರ ಮನಿಯವರು ಒಪ್ಪಿಕೋಬೇಕು. ಮಂದೀದು ಇಟಕೊಂಡು ಶಿವನ ಹಂತೇಲಿ ಹೋಗಬಾರದು."

"ಕೇಳಿ ದೊಡ್ಡಪ್ಪ. ಅಪ್ಪ ಯಾರ ಹತ್ರಾನೂ ಒಂದು ಪಿನ್ನೂ ಇಸ್ಕೊಂಡೋರಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಕ್ಕ ಈ ಮಾತು ಕೇಳಿದಳು. ಅವಳ ಕಣ್ಣು ಗಂಡನ ಕಡೆಗೆ ಹೋಗಲಿಲ್ಲ. ಅವನ ಮಡಿಲ ಪಕ್ಕದಲ್ಲಿ ಮಲಗಿ ಉಸಿರಾಡುತ್ತಿದ್ದ ಹುರಿಗಡಲೆ ಬಣ್ಣದ ಹೊಟ್ಟೆಯ ಮೇಲೆ ನಿಂತಿತು. ಆ ನಾಯಿ ಅವರದಲ್ಲ.

*

ಅದು ಎದುರುಮನೆಯ ಜಗನ್ನಾಥ, ಅನಂತಲಕ್ಷ್ಮಿಯರ ನಾಯಿ. ಜಗನ್ನಾಥ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಮಕ್ಕಳಿಲ್ಲ. ಎಲ್ಲಿಂದಲೋ ಮರಿ ತಂದು ಕಡ್ಲೆ ಎಂದು ಹೆಸರಿಟ್ಟು ಸಾಕಿಕೊಂಡಿದ್ದರು. ಜಗನ್ನಾಥರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ ದಿನ ಅನಂತಲಕ್ಷ್ಮಿ ನಾಯಿಯನ್ನು ಎತ್ತಿಕೊಂಡು ರಸ್ತೆ ದಾಟಿ ಬಂದಳು.

"ಇವರು ಮನೆಗೆ ಬರೋವರೆಗೂ ಇಟ್ಕೋತೀರಾ? ತೊಂದರೆ ಕೊಡಲ್ಲ. ಕುಕ್ಕರ್ ಕೂಗಿದ್ರೆ ಮಾತ್ರ ಮಂಚದ ಕೆಳಗೆ ಸೇರ್ಕೊಳುತ್ತೆ."

ಆ ಕಾಲಕ್ಕೆ ಸೋಮಲಿಂಗಪ್ಪ ಇದ್ದೂ ಇಲ್ಲದವನಾಗಿದ್ದ. ನಿವೃತ್ತಿಯಾದ ಮೇಲೆ ಹೊರಡಿಸಲು ಒಂದು ಬಸ್ಸೂ ಉಳಿದಿರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಖಾಕಿ ಬಣ್ಣದ ಪ್ಯಾಂಟನ್ನೇ ತೊಟ್ಟು, ಕುರ್ಚಿಯಲ್ಲಿ ಕೂತರೆ ಮುಗಿಯಿತು. ಮಾತಾಡಿಸಿದರೆ ಸಿಡುಕು. ಲಿಂಗಪೂಜೆಯನ್ನೂ ಬಿಟ್ಟಿದ್ದ. ಹೊಸ್ತಿಲು ದಾಟಿ ತಿಂಗಳುಗಳಾಗಿದ್ದವು. ಶಿವಕ್ಕ ದಿನವೂ ಎರಡು ಪೂಜೆ ಮಾಡುತ್ತಿದ್ದಳು, ತನ್ನದೊಂದು, ಅವನದೊಂದು.

ನಾಯಿ ಬಂದ ಮರುದಿನ ಚನ್ನವೀರೇಶ್ ಆಫೀಸಿಗೆ ಹೊರಟ. ಕಡ್ಲೆ ಅವನ ಪ್ಯಾಂಟು ಹಿಡಿದು ಎಳೆಯಿತು, ಕೂಗಿತು, ಗೇಟಿನ ತನಕ ಅಟ್ಟಿಸಿಕೊಂಡು ಹೋಯಿತು. ಕುರ್ಚಿಯಲ್ಲಿದ್ದ ಸೋಮಲಿಂಗಪ್ಪ ಮೆಲ್ಲಗೆ ತಲೆ ಎತ್ತಿದ. ಅವನ ಬಾಯಿಂದ ತಾನಾಗಿ ಬಂತು: "ರೈಟ್, ರೈಟ್! ಹೋಗ್ಲಿ ಬಿಡು!" ನಾಯಿ ಸುಮ್ಮನಾಗಿ ತಿರುಗಿ ಅವನನ್ನು ನೋಡಿತು. ಅವನು ನಕ್ಕ. ಶಿವಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಆ ನಗುವನ್ನು ನೋಡಿ ಹೋದಳು.

ಆಮೇಲೆ ಬೆಳಗಾದರೆ ಅವರಿಬ್ಬರೂ ಕೆರೆಯ ಏರಿಯ ಮೇಲೆ. ಸಂಜೆಯಾದರೆ ಬಸ್ ಸ್ಟಾಪಿನ ಕಟ್ಟೆಯ ಮೇಲೆ. ಬರುವ ಬಸ್ಸಿನ ಡ್ರೈವರುಗಳನ್ನು ಮಾತಾಡಿಸುವುದು, ಹೊರಟಾಗ ಒಬ್ಬ ಕೈ ಬೀಸುವುದು, ಒಂದು ಬೊಗಳುವುದು.

ಜಗನ್ನಾಥ ಮನೆಗೆ ಬರಲಿಲ್ಲ. ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಅನಂತಲಕ್ಷ್ಮಿ ಒಂದು ಸಂಜೆ ರಸ್ತೆ ದಾಟಿ ಬಂದು ಜಗುಲಿಯಲ್ಲಿ ಕೂತಳು.

"ಮನೆ ಭಣಗುಡ್ತಾ ಇದೆ. ಕಡ್ಲೇನ ಕರ್ಕೊಂಡ್ ಹೋಗ್ತೀನಿ."

ಕಾಫಿಯ ಲೋಟ ಹಿಡಿದು ಬರುತ್ತಿದ್ದ ಶಿವಕ್ಕ ಬಾಗಿಲ ಮರೆಯಲ್ಲೇ ನಿಂತಳು. ಗಂಡನ ಬೆನ್ನು ಕಾಣುತ್ತಿತ್ತು. ಅಂಗಿ ಒದ್ದೆಯಾಗುತ್ತ ಬಂತು.

"ಅಲ್ರೀ ಅಮ್ಮಾರ," ಎಂದ ಸೋಮಲಿಂಗಪ್ಪ, "ಡಾಕ್ಟ್ರು ನಾಗಭೂಷಣ್ ಅವರ ಹಂತೇಲಿ ಒಯ್ದಿದ್ದೆ. ಇದರ ಎದಿ ಭಾಳ ವೀಕ್ ಐತಂತ. ಮನಿ ಬದಲಿ ಮಾಡಿದ್ರ ಜೀವಕ್ಕ ಅಪಾಯ ಅಂದ್ರು."

ಡಾಕ್ಟರು ಹಾಗೆ ಅಂದಿರಲಿಲ್ಲ. ಸೋಮಲಿಂಗಪ್ಪ ಡಾಕ್ಟರ ಹತ್ತಿರ ಹೋಗಿಯೇ ಇರಲಿಲ್ಲ. ಶಿವಕ್ಕನಿಗೆ ಗೊತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟು, 'ಇಲ್ರೀ, ಒಯ್ರಿ' ಎಂದಿದ್ದರೆ ಆಗುತ್ತಿತ್ತು. ಆದರೆ ನಾಯಿ ಹೋದ ಮರುದಿನದ ಕುರ್ಚಿ ಅವಳ ಕಣ್ಣಿಗೆ ಕಟ್ಟಿತು. ಕಾಫಿ ಕೈಯಲ್ಲೇ ಆರಿತು.

ಅನಂತಲಕ್ಷ್ಮಿ ಬಗ್ಗಿ ಕಡ್ಲೆಯ ಬಿಳಿಯ ಎದೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಹಾಗೆಯೇ ಇದ್ದಳು. ಆಮೇಲೆ ಎದ್ದು, "ಹಾಗಾದ್ರೆ ಇಲ್ಲೇ ಇರ್ಲಿ ಬಿಡಿ," ಎಂದಳು. ಕಡ್ಲೆ ಅವಳ ಸೆರಗು ಹಿಡಿದು ಗೇಟಿನ ತನಕ ಕೂಗುತ್ತ ಹೋಯಿತು. ಎಲ್ಲರಿಗೂ ಕೂಗುವ ಹಾಗೆಯೇ ಕೂಗಿತು.

ಅಂದಿನಿಂದ ಅವಳು ಗೇಟಿನ ಒಳಗೆ ಬಂದದ್ದಿಲ್ಲ. ಬೀದಿಯಲ್ಲಿ ಕಂಡರೆ ನಗುವಳು. ಹಬ್ಬಕ್ಕೆ ಎಳ್ಳುಬೆಲ್ಲ ಕೊಟ್ಟರೆ ಕೈಯೊಡ್ಡುವಳು. ಅಷ್ಟೇ.

*

ಹತ್ತಿರದ ಮಠದ ಅಯ್ಯನವರು ಬಂದರು. ಹೆಣ ಕೂರಿಸಿ ಒಯ್ಯುವ ಹೂವಿನ ವಿಮಾನ ಗೇಟಿನಲ್ಲಿ ಬಂದು ನಿಂತಿತು. ಎತ್ತುವ ಮೊದಲು ರೇವಣಸಿದ್ದಪ್ಪ ರುಮಾಲು ಸರಿಮಾಡಿಕೊಂಡು ಅಂಗಳದ ನಡುವೆ ನಿಂತರು. ಪಟ್ಟಣದ ಜನ, ಇದೇನು ಭಾಷಣವೋ ಎಂದು ಮೊಬೈಲು ಒಳಗಿಟ್ಟರು.

"ಕೇಳ್ರಿ ಎಲ್ಲಾರೂ. ನಮ್ಮ ಸೋಮಲಿಂಗ ಶಿವನ ಪಾದಕ್ಕ ಹೊಂಟಾನ. ಇವನ ಕಡಿಂದ ಯಾರಿಗೆ ಏನ ಬರೂದಿದ್ರೂ, ಸಾಮಾನಿರಲಿ, ಸಹಾಯ ಇರಲಿ, ಕೊಟ್ಟ ಮಾತಿರಲಿ, ಈಗ ಹೇಳ್ರಿ. ಮಣ್ಣು ಬಿದ್ದ ಮ್ಯಾಲ ಮನಸಿನ್ಯಾಗ ಇಟಗೋಬ್ಯಾಡ್ರಿ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಪಕ್ಕದ ಮನೆಯವರು ಸಂಕೋಚದಿಂದ, "ನಮ್ಮದೊಂದು ಏಣಿ..." ಎಂದರು.

"ಟೆರೇಸ್ ಮೇಲಿದೆ ಅಂಕಲ್, ಸಂಜೆ ತಂದ್ಕೊಡ್ತೀನಿ," ಎಂದ ಚನ್ನವೀರೇಶ್.

ಚಿಕ್ಕಹನುಮಯ್ಯ ಕೆಮ್ಮಿ ಮುಂದೆ ಬಂದ. "ನಂಗೊಂದು ಬಾಕಿ ಅದೆ ಸ್ವಾಮಿ. ನಾನು ರಿಟೈರ್ ಆಗೋ ದಿನ, ನಿನ್ನ ಕೊನೇ ಬಸ್ಸು ನಾನೇ ಬಂದು ಸೀಟಿ ಊದಿ ಕಳಿಸ್ತೀನಿ ಅಂದಿದ್ರು. ಅವತ್ತು ನೋಡುದ್ರೆ ಪತ್ತೇನೇ ಇಲ್ಲ. ಈ ನಾಯಿಗೆ ಕೆಮ್ಮು ಜಾಸ್ತಿ ಆಗದೆ ಅಂತ ಡಾಕ್ಟ್ರತ್ರ ಕೂತಿದ್ರಂತೆ! ನಾಯಿಗೋಸ್ಕರ ನನ್ನ ಬಿಟ್ಬುಟ್ರಲ್ಲ ಅಂತ ಒಂದ್ ವರ್ಷ ಮಾತು ಬಿಟ್ಟಿದ್ದೆ." ಅವನು ಒಳಗೆ ಕೂತಿದ್ದ ಸೋಮಲಿಂಗಪ್ಪನ ಕಡೆ ನೋಡಿದ. "ಹೋಗ್ಲಿ. ಮನ್ನಾ ಮಾಡಿದೀನಿ."

"ನನ್ನ ಮುಂದ ಹೇಳಿದ್ರ ಏನು ಬಂತು? ಅವನ ಕಿವಿಯಾಗ ಹೇಳು."

ಚಿಕ್ಕಹನುಮಯ್ಯ ಒಳಗೆ ಹೋಗಿ, ಮಂಡಿಯೂರಿ, ಸೋಮಲಿಂಗಪ್ಪನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದ. ಒಂದು ಮಾತಿಗಿಂತ ಹೆಚ್ಚೇ ಹೇಳಿದ.

ಶಿವಕ್ಕ ಗೇಟಿನ ಕಡೆ ನೋಡಿದಳು. ಗೇಟಿನ ಆಚೆ, ಕರಗಿದ ಮಂಜಿನ ನೀರು ತೊಟ್ಟಿಕ್ಕುವ ಹೊಂಗೆಯ ಕೆಳಗೆ, ಸೆರಗನ್ನು ತಲೆಯ ಮೇಲೆ ಹೊದ್ದು ಅನಂತಲಕ್ಷ್ಮಿ ನಿಂತಿದ್ದಳು. ಸಾವಿನ ಮನೆಯೊಳಗೆ ಬಂದರೆ ತಲೆಗೆ ನೀರು ಹಾಕಿಕೊಳ್ಳಬೇಕಾದ ಮಡಿಯವಳು. ಅದಕ್ಕೆ ಹೊರಗೆ ನಿಂತಿದ್ದಾಳೆಂದು ಜನ ತಿಳಿದರು. ಶಿವಕ್ಕ ಹಾಗೆ ತಿಳಿಯಲಿಲ್ಲ. ಕೇಳಲಿ, ಎಂದುಕೊಂಡಳು. ಇಷ್ಟು ಜನರ ಮುಂದೆ ಕೇಳಿಬಿಡಲಿ ಶಿವನೇ. ಕೇಳಿದರೆ ಕೊಟ್ಟುಬಿಡುತ್ತೇನೆ. ಮರುಗಳಿಗೆಯಲ್ಲೇ ಅವಳ ಮನಸ್ಸು ಹೇಳಿತು: ಕೇಳದಿರಲಿ. ಈ ಸಂಜೆ ಈ ಮನೆಯಲ್ಲಿ ನನ್ನ ಕಾಲ ಹತ್ತಿರ ಉಸಿರಾಡುವ ಜೀವ ಇನ್ನಾವುದಿದೆ?

ರೇವಣಸಿದ್ದಪ್ಪ ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವಾಗ ಶಿವಕ್ಕನ ಕಣ್ಣು ಹೋದ ಕಡೆ ಅವರ ಕಣ್ಣೂ ಹೋಯಿತು.

"ತಾಯಿ, ಎದುರುಮನಿಯವರಲ್ಲ ನೀವು? ನಿಮಗ ಏನರ ಬರೂದೈತೇನ್ರಿ?"

ಅನಂತಲಕ್ಷ್ಮಿ ತಲೆ ಅಲ್ಲಾಡಿಸಿದಳು.

"ನಮಗೇನೂ ಬರಬೇಕಾದ್ದಿಲ್ಲ."

ಮನ್ನಾ ಮಾಡಿದ್ದೇನೆ ಎಂದಿದ್ದರೆ ತೀರುತ್ತಿತ್ತು. ಇಲ್ಲವೆಂದಳು. ಇದೆಯೆಂದು ಒಪ್ಪದ ಋಣವನ್ನು ಯಾರು ಮನ್ನಾ ಮಾಡಬೇಕು, ಯಾರ ಕಿವಿಯಲ್ಲಿ ಹೇಳಬೇಕು?

"ಋಣ ಹರೀತು," ಎಂದರು ರೇವಣಸಿದ್ದಪ್ಪ. "ಎತ್ರಿ."

ಚನ್ನವೀರೇಶ್ ನಾಯಿಯನ್ನು ಹಿಡಿದುಕೊಳ್ಳಲು ಬಗ್ಗಿದ. ಹಿಡಿಯುವ ಅಗತ್ಯ ಬೀಳಲಿಲ್ಲ. ಸೋಮಲಿಂಗಪ್ಪನನ್ನು ಕೂತ ಭಂಗಿಯಲ್ಲೇ ಮಣೆಸಹಿತ ಎತ್ತಿ ಹೊರಗೆ ತಂದರು. ಕಡ್ಲೆ ಎದ್ದು ನಿಂತು ನೋಡಿತು. ಬಾಗಿಲ ಪಕ್ಕದ ಗೂಡಿನ ಹತ್ತಿರ ಹೋಗಿ ಅವನ ಚಪ್ಪಲಿಗಳನ್ನು ಮೂಸಿತು. ಚಪ್ಪಲಿ ಅಲ್ಲಿಯೇ ಇದ್ದವು. ಚಪ್ಪಲಿ ಮೆಟ್ಟದೆ ಅವನು ಎಂದಾದರೂ ಹೋದದ್ದುಂಟೆ? ಅದು ನಿಶ್ಚಿಂತೆಯಿಂದ ಅವುಗಳ ಮೇಲೆ ಗದ್ದ ಊರಿ ಮಲಗಿತು. ಶಂಖ ಊದಿದರು, ಜಾಗಟೆ ಬಾರಿಸಿದರು, ವಿಮಾನ ಬೀದಿಯ ತಿರುವು ದಾಟಿತು. ಮನೆಯಿಂದ ಹೊರಟ ಒಬ್ಬೊಬ್ಬರನ್ನೂ ಇಷ್ಟು ವರ್ಷ ತಡೆದ ನಾಯಿಗೆ, ಯಜಮಾನ ಹೊರಟದ್ದು ತಿಳಿಯಲೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಶಿವಕ್ಕ ಅತ್ತದ್ದು ಆಗ.

*

ರುದ್ರಭೂಮಿಯಲ್ಲಿ ಗುಂಡಿಯೊಳಗಿನ ಗೂಡಿನಲ್ಲಿ ಅವನನ್ನು ಕೂರಿಸಿ, ಸುತ್ತ ಬಿಲ್ವಪತ್ರೆ ಒತ್ತಿ, ವಿಭೂತಿಗಟ್ಟಿಗಳನ್ನು ಇಟ್ಟರು. ಅಯ್ಯನವರು ಅವನ ಕೊರಳ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈಯ ಮೇಲಿಟ್ಟು ಬಿಳಿಯ ಬಟ್ಟೆಯಿಂದ ಕಟ್ಟಿದರು. ಶಿವಕ್ಕ ಅಂಚಿನಲ್ಲಿ ನಿಂತು ಆ ಕೈಯನ್ನೇ ನೋಡಿದಳು. ಹುಟ್ಟಿದಾಗ ಬಂದ ಲಿಂಗ, ಹೋಗುವಾಗ ಅದೊಂದೇ. ಆ ಅಂಗೈಯಲ್ಲಿ ಇನ್ನೊಂದು ವಸ್ತುವಿಗೆ ಜಾಗ ಇರಲಿಲ್ಲ. ಹಿಡಿ ಮಣ್ಣು ಹಾಕುವಾಗ ಅವಳು ಅವನ ಬಲಗೈಯ ಕಡೆ ನೋಡದಿರಲು ಯತ್ನಿಸಿದಳು. ಮಡಿಚಿದ ಕಿವಿಯನ್ನು ತಿಕ್ಕಿ ತಿಕ್ಕಿ ಆ ಬೆರಳುಗಳು ಯಾವಾಗಲೂ ಒಂದಿಷ್ಟು ಬಾಗಿಯೇ ಇರುತ್ತಿದ್ದವು.

ಮರಳುವಾಗ ಕಾರಿನಲ್ಲಿ ಶಿವಕ್ಕನಿಗೆ ಮೂರು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಕಡ್ಲೆಗೆ ಆಗ ಕೆಮ್ಮು ಹತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕತ್ತು ಚಾಚಿ, ಮುದುಕರ ಹಾಗೆ ಕೆಮ್ಮುವುದು. ಕೆರೆಯ ಏರಿಯ ಅರ್ಧಕ್ಕೇ ಕೂತುಬಿಡುವುದು. ಸೋಮಲಿಂಗಪ್ಪ ಅದನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಸಲ ನಿಜವಾಗಿ ಡಾಕ್ಟರ ಬಳಿಗೆ ಹೋದ. ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತ.

"ಏನಂದ್ರು?"

"ಎದಿ ವೀಕ್ ಐತಂತ." ಅವನ ಮುಖ ಬೂದಿಯಾಗಿತ್ತು. "ನನ್ನ ಬಾಯಾಗಿನ ಮಾತು ಹಂಗ ಹೋಗಿ ಅದರ ಎದಿಗೆ ಹತ್ತಿ ಕುಂತೈತಿ ಶಿವಿ."

"ಅಂಥಾ ಮಾತಾಡಬ್ಯಾಡ್ರಿ. ವಯಸ್ಸಾತು ಅದಕ್ಕ. ಅವರದು ಅವರಿಗೆ ಕೊಟ್ಟು ಬರೂಣು ನಡೀರಿ."

"ಜಡ್ಡಾದ ಮ್ಯಾಲ ಕೊಡ್ಲೇನು? ಛಲೋ ಇದ್ದಾಗ ಇಟಗೊಂಡು, ಜಡ್ಡಾದ ಮ್ಯಾಲ ನಿಮ್ಮದು ನೀವ ತಗೋರಿ ಅಂತ ಒಗದು ಬರ್ಲೇನು?"

ಅಂದು ಸಂಜೆ ಅವನು ಬಿಟ್ಟುಹೋಗಿದ್ದ ಲಿಂಗಪೂಜೆಗೆ ಮತ್ತೆ ಕೂತ. ನಾಯಿ ಕೆಮ್ಮಿದಾಗಲೆಲ್ಲ ಎದ್ದು, ಅದರ ಎದೆಯ ಕೆಳಗೆ ಕೈಕೊಟ್ಟು ಎತ್ತಿ ಹಿಡಿದು, ಕೆಮ್ಮು ನಿಲ್ಲುವ ತನಕ ನಿಂತಿರುತ್ತಿದ್ದ. ಮಾತ್ರೆಯ ಹೊತ್ತು ಒಂದು ದಿನವೂ ತಪ್ಪಲಿಲ್ಲ. ಎದುರುಮನೆಯ ಗೇಟಿನ ಮುಂದೆ ಹಾದುಹೋಗುವಾಗ ಮಾತ್ರ ತಲೆ ತಗ್ಗಿಸುತ್ತಿದ್ದ. ನಾಯಿ ನಿಂತು ಆ ಗೇಟನ್ನು ಮೂಸುತ್ತಿತ್ತು. ಅವನು ಎಳೆದುಕೊಂಡು ಹೋಗುತ್ತಿರಲಿಲ್ಲ. ಮೂಸಿ ಮುಗಿಯುವ ತನಕ, ತಲೆ ತಗ್ಗಿಸಿಯೇ, ಕಾಯುತ್ತಿದ್ದ.

*

ಮನೆಗೆ ಬಂದಾಗ ಬಾಗಿಲಲ್ಲೇ ಅನಘಾ ಎದುರಾದಳು. ಮನೆ ಸಾರಿಸಿ ದೀಪ ಹಚ್ಚಲು ಅವಳು ಹಿಂದೆ ಉಳಿದಿದ್ದಳು. ಕಣ್ಣು ಕೆಂಪಾಗಿದ್ದವು.

"ಅತ್ತೆ, ನೀವು ಹೋದ್ಮೇಲೆ ಕೆಮ್ಮು ಶುರುವಾಯ್ತು. ನಿಲ್ಲಲೇ ಇಲ್ಲ. ನಾಲಿಗೆ ನೀಲಿ ಆಗೋಯ್ತು. ನಂಗೆ ಎತ್ತಿ ಹಿಡ್ಕೊ‍ಳಕ್ಕೂ ಬರಲಿಲ್ಲ. ಓಡಿಹೋಗಿ ಎದುರುಮನೆ ಆಂಟೀನ ಕೂಗಿದೆ. ಅವರು ಒಂದು ಮಾತೂ ಆಡದೆ ಬಂದ್ಬಿಟ್ರು. ಡಾಕ್ಟರ್‌ಗೂ ಅವರೇ ಫೋನ್ ಮಾಡಿದ್ರು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದ್ರು."

ಶಿವಕ್ಕ ಒಳಗೆ ನೋಡಿದಳು. ಅಡುಗೆಮನೆಯ ನೆಲದ ಮೇಲೆ, ಬೆಳಿಗ್ಗೆ ತಾನು ಕೂತಿದ್ದ ಜಾಗದಲ್ಲೇ, ಅನಂತಲಕ್ಷ್ಮಿ ಕಾಲು ಚಾಚಿ ಕೂತಿದ್ದಳು. ಮಡಿಯವಳು, ಹೆಣ ಎತ್ತಿ ಇನ್ನೂ ನೀರು ಹಾಕದ ಮನೆಯೊಳಗೆ. ಕಡ್ಲೆ ಅವಳ ಪಕ್ಕದಲ್ಲಿ ಮಲಗಿತ್ತು. ಅವಳ ಅಂಗೈ ಅದರ ಬಿಳಿಯ ಎದೆಯ ಮೇಲಿತ್ತು. ನಾಯಿಯ ಕಣ್ಣು ಅರ್ಧ ಮುಚ್ಚಿದ್ದವು. ಉಸಿರು ತಹಬಂದಿಗೆ ಬಂದಿತ್ತು.

ಶಿವಕ್ಕ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಹಣೆಗೆ ವಿಭೂತಿ ಇಟ್ಟು ಬಂದು ಎದುರು ಕೂತಳು. ಇಬ್ಬರ ನಡುವೆ ನಾಯಿ.

"ಇದರ ಎದೆ ಈಗ ನಿಜವಾಗ್ಲೂ ಸೋತಿದೆ, ಶಿವಕ್ಕ," ಎಂದಳು ಅನಂತಲಕ್ಷ್ಮಿ.

ಈಗ. ನಿಜವಾಗ್ಲೂ. ಆ ಎರಡು ಮಾತನ್ನು ಶಿವಕ್ಕ ಕೇಳಿಸಿಕೊಂಡಳು. ಹೊರಗೆ ಯಾರೋ ಏಣಿ ಇಳಿಸುತ್ತಿದ್ದರು.

"ನಿಮಗ ಗೊತ್ತಿತ್ತೇನ್ರಿ?"

"ನಮ್ಮ ಯಜಮಾನರ ಎದೆ ಮೇಲೆ ಕೈ ಇಟ್ಕೊಂಡು ಆಸ್ಪತ್ರೇಲಿ ಕೂತಿದ್ದೋಳು ನಾನು. ಸೋತ ಎದೆ ಹೇಗೆ ಬಡ್ಕೊಳುತ್ತೆ ಅಂತ ಈ ಕೈಗೆ ಗೊತ್ತಾಗಲ್ವೇ? ಅವತ್ತು ಇದರ ಎದೆ ಹಸುಗೂಸಿನ ಎದೆ ಹಾಗೆ ಗಟ್ಟಿಯಾಗಿ ಬಡ್ಕೋತಿತ್ತು."

"ಮತ್ತ... ಸುಮ್ಮನ ಯಾಕ ಹೋದ್ರಿ?"

ಅನಂತಲಕ್ಷ್ಮಿ ನಾಯಿಯ ಬೆನ್ನು ಸವರಿದಳು.

"ನಿಮ್ಮನೆಯವರು ಬೆವರ್ತಾ ಇದ್ರು. ಸುಳ್ಳು ಹೇಳಿ ಅಭ್ಯಾಸ ಇಲ್ಲದ ಮನುಷ್ಯ. ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ಬೇಕಾದ್ರೆ ಎಷ್ಟು ಬೇಕಾಗಿರ್ಬೇಕು ಅನ್ನಿಸ್ತು." ಅವಳು ಉಸಿರು ಬಿಟ್ಟಳು. "ದೊಡ್ಡ ಮನಸ್ಸು ಅಂತ ತಿಳ್ಕೋಬೇಡಿ. ಕೋಪ ಇತ್ತು. ಇವತ್ತೂ ಇದೆ. ಬೆಳಿಗ್ಗೆ ನಿಮ್ಮ ಗೇಟು ಸದ್ದಾದ್ರೆ ಕಿಟಕಿ ಹತ್ರ ಹೋಗಿ ನಿಂತ್ಕೋತಿದ್ದೆ. ಇವೆರಡೂ ಹೋಗೋದು ಕಾಣೋವರೆಗೂ ನೋಡಿ, ಆಮೇಲೆ ಕಾಫಿಗೆ ಇಡ್ತಿದ್ದೆ. ನಮ್ಮ ಗೇಟಿನ ಹತ್ರ ನಿಂತಾಗಲೆಲ್ಲ, ಇವತ್ತಾದ್ರೂ ತಲೆ ಎತ್ತಿ ಒಂದು ಮಾತು ಹೇಳ್ತಾರೇನೋ ಅಂತ ಕಾದೆ."

"ಹೇಳಬೇಕಂತ ಭಾಳ ಒದ್ದಾಡ್ಯಾರ್ರಿ. ಬಾಯಿ ಬರಲಿಲ್ಲ." ಶಿವಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತ ಬಾಗಲ ಮರಿಯಾಗ ನಾನೂ ಇದ್ದೆ. ಬೆಳಿಗ್ಗಿ ಅಷ್ಟು ಕೇಳಿದ್ರಲ್ಲ ನಮ್ಮ ಭಾವ, ಏನೂ ಇಲ್ಲ ಅಂತ ಯಾಕ ಅಂದ್ರಿ?"

"ಹೋಗೋರನ್ನ ಬಾಗಿಲಲ್ಲಿ ನಿಲ್ಲಿಸಿ ಕೇಳ್ತಾರೆಯೇ ಶಿವಕ್ಕ?"

ಅನಘಾ ದೀಪಕ್ಕೆ ಎಣ್ಣೆ ಹಾಕಿದಳು. ಬೆಳಕು ನಡುಮನೆಯ ಖಾಲಿ ಗೋಡೆಯ ಮೇಲೆ ಬಿತ್ತು. ಶಿವಕ್ಕ ಆ ಗೋಡೆಯನ್ನು ನೋಡಿದಳು. ತನ್ನ ಮುಂದಿದ್ದ ಹುರಿಗಡಲೆ ಬಣ್ಣದ ಹೊಟ್ಟೆ ಏರಿ ಇಳಿಯುವುದನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಅನಂತಲಕ್ಷ್ಮಿ ಎದ್ದು, ಗೋಡೆ ಹಿಡಿದು, ಕಾಲಿನ ಜೋಮು ಬಿಡಿಸಿಕೊಂಡು, "ಬರ್ತೀನಿ. ಸ್ನಾನ ಆಗ್ಬೇಕು," ಎಂದು ಹೊರಟಳು. ಬಾಗಿಲ ತನಕ ಹೋದಳು.

"ನಿಂದರ್ರಿ," ಎಂದಳು ಶಿವಕ್ಕ.

ಅವಳು ನಾಯಿಯ ಎದೆಯ ಕೆಳಗೆ ಒಂದು ಕೈ, ಹಿಂಗಾಲಿನ ಕೆಳಗೆ ಒಂದು ಕೈ ಕೊಟ್ಟು, ನಿದ್ದೆ ಕೆಡದ ಹಾಗೆ ಎತ್ತಿಕೊಂಡು ಬಂದಳು. ಅದರ ಮಡಿಚಿದ ಕಿವಿಗೆ ತನ್ನ ಕೆನ್ನೆಯನ್ನು ಒಂದು ಗಳಿಗೆ ಒತ್ತಿದಳು.

"ಮುಂಜಾನಿ ಅರ್ಧ ಮಾತ್ರಿ, ಸಂಜೀಗೆ ಅರ್ಧ. ನಾಲಿಗಿ ಬುಡಕ್ಕ ಇಡಬೇಕು, ಇಲ್ಲಾಂದ್ರ ಉಗುಳ್ತೈತಿ."

ಅನಂತಲಕ್ಷ್ಮಿ ಅವಳ ಮುಖ ನೋಡಿದಳು. "ಶಿವಕ್ಕ, ಇವತ್ತೊಂದು ದಿನ ನಿಮ್ಮ ಹತ್ರಾನೇ..."

"ಇವತ್ತ ಕೊಡಬೇಕ್ರಿ. ಉಡಿ ಹಿಡೀರಿ."

ಗಂಡ ಹೋದ ಮೇಲೆ ಆ ಬೀದಿಯಲ್ಲಿ ಯಾವ ಮನೆಯವರೂ ಅನಂತಲಕ್ಷ್ಮಿಗೆ ಉಡಿ ತುಂಬಿರಲಿಲ್ಲ. ಇನ್ನು ಮುಂದೆ ಶಿವಕ್ಕನಿಗೂ ಯಾರೂ ತುಂಬುವುದಿಲ್ಲ. ಅನಂತಲಕ್ಷ್ಮಿ ತಲೆಯ ಮೇಲಿನ ಸೆರಗನ್ನು ಮೆಲ್ಲಗೆ ತೆಗೆದು, ಎರಡು ಕೈಯಲ್ಲೂ ಅಂಚು ಹಿಡಿದು ಮುಂದೆ ಒಡ್ಡಿದಳು. ಶಿವಕ್ಕ ಬಗ್ಗಿ, ಅಕ್ಕಿ ಕೊಬ್ಬರಿ ಇಡುವಷ್ಟೇ ಹುಷಾರಾಗಿ, ನಿದ್ದೆ ಹೋಗಿದ್ದ ಆ ಜೀವವನ್ನು ಅದರಲ್ಲಿ ಇಳಿಸಿ ಕೈ ತೆಗೆದಳು. ಸೆರಗು ಭಾರಕ್ಕೆ ಜೋಲಿತು, ಆಮೇಲೆ ನಿಂತಿತು.